ಚೈನ್‌ಸಾ ಸ್ಪೈಕನ್ನು ನಮ್ಮ ಮರಗಳಿಗೆ ಹೊಂದುವಂತೆ ತಿದ್ದಿಕೊಳ್ಳುವುದು ಹೇಗೆ

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟಗಳಲ್ಲಿ ಈಗ ಚೈನ್‌ಸಾ ಇಲ್ಲದ ಮನೆ ಕಡಿಮೆ. ಮಳೆಗಾಲದಲ್ಲಿ ದಾರಿಗೆ ಬಿದ್ದ ಮರ ತೆಗೆಯಬೇಕು, ಸಿಲ್ವರ್ ಓಕ್ ಕೊಯ್ದು ಪ್ಲೈವುಡ್‌ಗೆ ಕೊಡಬೇಕು, ವರ್ಷದ ಸೌದೆ ಮಾಡಿಕೊಳ್ಳಬೇಕು. ಮಷೀನ್ ತಗೊಂಡವರು ಚೈನ್ ಬಗ್ಗೆ ಕೇಳುತ್ತಾರೆ, ಚೈನ್ ಓಡುವ ಉದ್ದ ಪಟ್ಟಿ, ಅಂದರೆ ಬಾರ್ ಬಗ್ಗೆ ಕೇಳುತ್ತಾರೆ, ಆಯಿಲ್ ಬಗ್ಗೆ ಕೇಳುತ್ತಾರೆ. ಬಾರ್ ಬುಡದಲ್ಲಿ ಹಲ್ಲು ಹಲ್ಲಾಗಿ ನಿಂತಿರುವ ಆ ಕಬ್ಬಿಣದ ತುಂಡಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಒಂದೇ ಪ್ರಶ್ನೆ: ಇನ್ನೂ ದೊಡ್ಡದು ಸಿಗುತ್ತಾ?

ಆ ಕಬ್ಬಿಣದ ಹಲ್ಲೇ ಸ್ಪೈಕ್. ದೊಡ್ಡ ಸ್ಪೈಕ್ ಹಾಕಿದರೆ ಮಷೀನ್ ಬೇಗ ಕೊಯ್ಯುತ್ತದೆ ಅನ್ನುವ ನಂಬಿಕೆ ಬಹಳ ಕಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಕೊಯ್ಯುವುದು ಚೈನಿನ ಕೆಲಸ. ಸ್ಪೈಕ್ ಮಾಡಬೇಕಾದದ್ದು ಹಿಡಿದುಕೊಳ್ಳುವ ಕೆಲಸ, ಅದೂ ಬಾರಿನ ಎರಡೂ ಪಕ್ಕದಲ್ಲಿ ಸಮವಾಗಿ. ಈ ಸಮ ಬಂದರೆ ಕೊಯ್ತ ನೇರ ಬರುತ್ತದೆ, ಕೈ ನೋವು ಕಡಿಮೆ ಆಗುತ್ತದೆ, ಮರ ಬೀಳಿಸುವಾಗ ಬಾರ್ ನೀವು ಹೇಳಿದ ಕಡೆ ನಿಲ್ಲುತ್ತದೆ. ಅದಕ್ಕೆ ಏನೇನು ತಿದ್ದಬೇಕು, ಯಾವ ಕ್ರಮದಲ್ಲಿ ತಿದ್ದಬೇಕು ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಅದು ಕೆಲಸ ಮಾಡುವ ರೀತಿ ತಿಳಿದಿರಲಿ

ಬಾರಿನ ಕೆಳಭಾಗದಿಂದ ಕೊಯ್ಯುವಾಗ ಚೈನ್ ಮಷೀನಿನ ಕಡೆಗೆ ಓಡುತ್ತಾ ಇರುತ್ತದೆ. ಅಂದರೆ ಅದು ಮರವನ್ನು ತನ್ನ ಕಡೆ ಎಳೆಯುತ್ತದೆ. ಮರ ಅಲುಗಾಡುವುದಿಲ್ಲ ಅಲ್ವಾ, ಹಾಗಾಗಿ ಮಷೀನೇ ಮರದ ಕಡೆ ಹೋಗಿ ಬಡಿಯುತ್ತದೆ. ಆಗ ಸ್ಪೈಕ್ ತೊಗಟೆಗೆ ನಾಟಿಕೊಂಡು ಮಷೀನನ್ನು ಅಲ್ಲೇ ನಿಲ್ಲಿಸುತ್ತದೆ. ನೀವು ಹಿಂದಿನ ಹಿಡಿಯನ್ನು ಮೆಲ್ಲಗೆ ಎತ್ತಿದರೆ ಸ್ಪೈಕಿನ ಮೊನೆಯ ಮೇಲೆ ಇಡೀ ಮಷೀನ್ ತಿರುಗಿ ಬಾರ್ ಕೆಳಗಿಳಿಯುತ್ತದೆ. ತೋಳಿನ ಬಲದ ಬದಲು ಸನ್ನೆಯ ಬಲ ಸಿಗುತ್ತದೆ.

ಬಾರಿನ ಮೇಲ್ಭಾಗದಿಂದ ಕೊಯ್ಯುವಾಗ ಉಲ್ಟಾ. ಚೈನ್ ಮಷೀನನ್ನು ನಿಮ್ಮ ಮೈ ಕಡೆ ತಳ್ಳುತ್ತದೆ. ಅಲ್ಲಿ ಸ್ಪೈಕಿನಿಂದ ಏನೂ ಉಪಯೋಗ ಇಲ್ಲ. ಬಾರಿನ ತುದಿ ತಗುಲಿ ಮಷೀನ್ ಮುಖದ ಕಡೆ ಚಿಮ್ಮುತ್ತದಲ್ಲ, ಆ ಕಿಕ್‌ಬ್ಯಾಕನ್ನೂ ಸ್ಪೈಕ್ ತಡೆಯುವುದಿಲ್ಲ. ಅದನ್ನು ತಡೆಯಲು ಇರುವುದು ಚೈನ್ ಬ್ರೇಕ್ ಮತ್ತು ನಿಮ್ಮ ಹೆಬ್ಬೆರಳು ಸುತ್ತಿ ಹಿಡಿದ ಎಡಗೈ. ದೊಡ್ಡ ಸ್ಪೈಕ್ ಹಾಕಿದ್ದೇನೆ, ಇನ್ನು ಭಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬಾರಿನ ಎಡಕ್ಕೆ, ಇಂಜಿನ್ ಬಾಡಿಗೆ ಕೂತಿರುವುದು ಒಳ ಸ್ಪೈಕ್. ಬಲಕ್ಕೆ, ಬಾರಿನ ಬುಡ ಮುಚ್ಚುವ ಕ್ಲಚ್ ಕವರಿನ ಮೇಲೆ ಕೂರುವುದು ಹೊರ ಸ್ಪೈಕ್. ಸಣ್ಣ ಮಷೀನುಗಳಲ್ಲಿ ಸಾಮಾನ್ಯವಾಗಿ ಒಳಗಿನದ್ದು ಮಾತ್ರ ಇರುತ್ತದೆ, ಕೆಲವದರಲ್ಲಿ ಅದೂ ಪ್ಲಾಸ್ಟಿಕ್. ದೊಡ್ಡ ಮಷೀನುಗಳಲ್ಲಿ ಎರಡೂ ಬರುತ್ತವೆ, ಅಥವಾ ಹೊರಗಿನದಕ್ಕೆ ಜಾಗ ಬಿಟ್ಟಿರುತ್ತಾರೆ.

ದೊಡ್ಡ ಸ್ಪೈಕ್ ಹುಟ್ಟಿದ್ದು ಬೇರೆ ಮರಕ್ಕೆ

ಇಂಟರ್‌ನೆಟ್‌ನಲ್ಲಿ ಕಾಣುವ ಹುಲಿ ಉಗುರಿನಂಥ ಸ್ಪೈಕುಗಳು ಹೆಚ್ಚಾಗಿ ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನ ಕೆಲಸಕ್ಕೆ ಮಾಡಿದಂಥವು. ಅಲ್ಲಿಯ ಹಳೆಯ ಡಗ್ಲಸ್ ಫರ್ ಮರದ ತೊಗಟೆ ಒಂದು ಅಡಿ ದಪ್ಪ ಆಗುವುದೂ ಉಂಟು. ಅದು ಬೆಂಡಿನ ಹಾಗೆ ಮೆತ್ತಗೆ. ಅಂಥ ತೊಗಟೆಯೊಳಗೆ ಸಣ್ಣ ಹಲ್ಲು ಹಿಡಿತ ಸಿಗದೆ ಕಿತ್ತು ಬರುತ್ತದೆ, ಹಾಗಾಗಿ ಅವರಿಗೆ ಉದ್ದ ಹಲ್ಲು ಬೇಕೇ ಬೇಕು. ಬಾರ್ ಕೂಡ 28, 32 ಇಂಚು ಹಾಕಿರುತ್ತಾರೆ, ಒಂದಿಂಚು ಹೋದರೂ ಚಿಂತೆ ಇಲ್ಲ.

ನಮ್ಮ ಸಿಲ್ವರ್ ಓಕ್‌ನ ತೊಗಟೆ ಗೀರು ಗೀರಾಗಿ ಕಾಣುತ್ತದೆ, ಆದರೆ ಅಷ್ಟೇನೂ ದಪ್ಪ ಇಲ್ಲ. ಅದರ ಕೆಳಗೆ ನೇರ ಮರವೇ. ಉದ್ದ ಹಲ್ಲು ಹಾಕಿದರೆ ಮೊನೆ ಸ್ವಲ್ಪ ಇಳಿದು ಗಟ್ಟಿ ಮರಕ್ಕೆ ತಾಗಿ ನಿಂತುಬಿಡುತ್ತದೆ, ಉಳಿದ ಹಲ್ಲು ಪೂರ್ತಿ ಹೊರಗೇ ಉಳಿಯುತ್ತದೆ. ಮಷೀನ್ ಬಾಡಿ ಮರದಿಂದ ದೂರ ನಿಂತ ಹಾಗಾಯಿತು. 18 ಇಂಚಿನ ಬಾರ್ ಹಾಕಿದವರಿಗೆ 17 ಇಂಚೂ ಕೆಲಸಕ್ಕೆ ಸಿಗುವುದಿಲ್ಲ. ಅಕೇಶಿಯಾದಲ್ಲೂ ಇದೇ ಕಥೆ. ಹಳೆಯ ಮಾವಿನಂಥ ದಪ್ಪ ತೊಗಟೆಯ ಮರಕ್ಕೆ ಮಾತ್ರ ಸ್ವಲ್ಪ ಉದ್ದ ಹಲ್ಲು ಅನುಕೂಲ. ತೆಂಗಿನ ಕಾಂಡ ಇನ್ನೊಂದು ಥರ: ಅದಕ್ಕೆ ತೊಗಟೆ ಅಂತ ಇಲ್ಲ, ಹೊರಗಿನ ಪದರವೇ ಅತಿ ಗಟ್ಟಿ, ಮೊಂಡು ಹಲ್ಲು ಅದರ ಮೇಲೆ ಸುಮ್ನೆ ಜಾರುತ್ತದೆ.

ಹಾಗಾಗಿ ತೋಟದ ಕೆಲಸಕ್ಕೆ ನನ್ನ ಆಯ್ಕೆ ಇದು: ಗಿಡ್ಡ ಹಲ್ಲು, ಚೂಪು ಮೊನೆ, ಎರಡೂ ಪಕ್ಕ ಸಮ. ಹೊಸ ದೊಡ್ಡ ಸ್ಪೈಕ್ ಕೊಳ್ಳುವ ಮೊದಲು ಇರುವುದನ್ನೇ ಹೀಗೆ ತಿದ್ದಿ ನೋಡಿ.

ತಪ್ಪು ನಿಜವಾಗಿ ಸ್ಪೈಕಿನದ್ದೇನಾ?

ಇದನ್ನು ನೋಡದೆ ಗ್ರೈಂಡರ್ ಹಿಡಿಯಬೇಡಿ. ಕೊಯ್ತ ಓರೆ ಹೋಗುತ್ತಿದೆ, ಮಷೀನ್ ಎಳೆಯುವುದಿಲ್ಲ ಅನ್ನುವ ದೂರುಗಳಲ್ಲಿ ಹೆಚ್ಚಿನವು ಚೈನಿನದ್ದೇ.

ನೆಲದ ಮೇಲಿರುವ ಒಂದು ದಿಮ್ಮಿ ತಗೊಳ್ಳಿ. ಸ್ಪೈಕ್ ಮರಕ್ಕೆ ತಾಗದ ಹಾಗೆ, ಎರಡಿಂಚು ದೂರ ಹಿಡಿದು, ಬಾರಿನ ನಡುಭಾಗದಿಂದ ಕೊಯ್ಯಿರಿ. ಒತ್ತಬೇಡಿ, ಮಷೀನಿನ ತೂಕಕ್ಕೇ ಇಳಿಯಲಿ. ಹೀಗೆ ಕೊಯ್ದಾಗಲೂ ಕೊಯ್ತ ಒಂದು ಕಡೆ ಬಾಗುತ್ತಾ ಹೋದರೆ ತಪ್ಪು ಚೈನಿನಲ್ಲಿದೆ. ಒಂದು ಪಕ್ಕದ ಹಲ್ಲುಗಳು ಮೊಂಡಾಗಿರುತ್ತವೆ ಅಥವಾ ಇನ್ನೊಂದು ಪಕ್ಕಕ್ಕಿಂತ ಗಿಡ್ಡ ಆಗಿರುತ್ತವೆ. ಇಲ್ಲವೇ ಬಾರಿನ ಒಂದು ಅಂಚು ಸವೆದಿರುತ್ತದೆ. ಸ್ಪೈಕ್ ತಾಗದಿದ್ದಾಗ ನೇರ ಬಂದು, ತಾಗಿಸಿ ಒತ್ತಿದ ಕೂಡಲೇ ಓರೆ ಆದರೆ, ಆಗ ಅದು ಸ್ಪೈಕಿನ ಕೆಲಸ.

ಕೆಳಗೆ ಬೀಳುವ ಪುಡಿಯನ್ನೂ ನೋಡಿ. ಹರಿತ ಇರುವ ಚೈನ್ ಚಕ್ಕೆ ಚಕ್ಕೆಯಾಗಿ ಹಾಕುತ್ತದೆ. ಹಿಟ್ಟಿನಂಥ ನುಣ್ಣನೆ ಪುಡಿ ಬಂದರೆ ಅರ ಹಾಕಬೇಕು ಅಂತ ಅರ್ಥ. ಚೈನಿನ ಅಳತೆ ಅಂದರೆ ಅದರ ಕೊಂಡಿಗಳ ಅಂತರ: 3/8 ಇಂಚಿನ ದೊಡ್ಡ ಚೈನಿಗೆ 5.2 ಅಥವಾ 5.5 ಎಂ.ಎಂ. ದುಂಡು ಅರ, .325 ಚೈನಿಗೆ 4.8 ಎಂ.ಎಂ., ಸಣ್ಣ ಮಷೀನುಗಳ 3/8 ಲೋ ಪ್ರೊಫೈಲ್ ಚೈನಿಗೆ 4 ಎಂ.ಎಂ. ಚೈನ್ ಬಂದ ಡಬ್ಬಿಯ ಮೇಲೆ ಏನು ಬರೆದಿದೆಯೋ ಅದೇ ಕೊನೆಯ ಮಾತು. ಮೊಂಡು ಚೈನ್ ಇಟ್ಟುಕೊಂಡು ಸ್ಪೈಕ್ ನಾಟಿಸಿ ಹಿಡಿ ಎತ್ತಿ ಎತ್ತಿ ಒತ್ತಿದರೆ ಬಾರ್ ನೀಲಿಗಟ್ಟುತ್ತದೆ, ಅಂಚು ಹರಡುತ್ತದೆ, ಕ್ಲಚ್ ಸುಡುತ್ತದೆ. ಸ್ಪೈಕ್ ಚೆನ್ನಾಗಿದ್ದಷ್ಟೂ ಈ ಅನಾಹುತ ಬೇಗ ಆಗುತ್ತದೆ, ಯಾಕೆಂದರೆ ಒತ್ತಡ ಜಾಸ್ತಿ ಕೊಡಲು ಅದು ಅವಕಾಶ ಮಾಡಿಕೊಡುತ್ತದೆ.

ಬಿಚ್ಚುವುದು, ಅಳೆಯುವುದು

ಮಷೀನ್ ಪೂರ್ತಿ ತಣ್ಣಗಾಗಲಿ. ಪ್ಲಗ್ ಕ್ಯಾಪ್ ಎಳೆದು ಪಕ್ಕಕ್ಕೆ ಸರಿಸಿ. ಬ್ಯಾಟರಿ ಮಷೀನ್ ಆದರೆ ಬ್ಯಾಟರಿ ತೆಗೆದು ಬೇರೆ ಕಡೆ ಇಡಿ. ಕೈಗೆ ದಪ್ಪ ಗ್ಲೌಸ್ ಹಾಕಿ ಚೈನ್ ತೆಗೆಯಿರಿ. ಬಾರ್ ಮಾತ್ರ ಮತ್ತೆ ಕೂರಿಸಿ, ಕವರ್ ಹಾಕಿ, ನಟ್ ಬಿಗಿ ಮಾಡಿ. ಬಾರ್ ಯಾಕೆ ಅಂದರೆ ಸ್ಪೈಕ್ ನೇರ ಇದೆಯೋ ಇಲ್ಲವೋ ಅಂತ ಹೇಳಲು ನಮಗಿರುವ ಅಳತೆಗೋಲು ಅದೊಂದೇ.

ಈಗ ಅರ್ಧ ಅಡಿ ಅಗಲದ, ಮುಖ ಸಪಾಟಾಗಿರುವ ಹಲಗೆಯೊಂದನ್ನು ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಬಾರ್ ಹಲಗೆಯ ಮೇಲಂಚನ್ನು ದಾಟಿ ಆ ಕಡೆ ಹೋಗಬೇಕು, ಸ್ಪೈಕಿನ ಕೆಳ ಹಲ್ಲುಗಳು ಹಲಗೆಯ ಮುಖಕ್ಕೆ ತಾಗಬೇಕು. ಬಡಗಿಗಳ ಟ್ರೈ ಸ್ಕ್ವೇರ್ ತಗೊಂಡು ಅದರ ಒಂದು ತೋಳನ್ನು ಹಲಗೆಗೆ, ಇನ್ನೊಂದು ತೋಳನ್ನು ಬಾರಿನ ಪಕ್ಕಕ್ಕೆ ಹಿಡಿಯಿರಿ. ಬಾರ್ ಹಲಗೆಗೆ ಕರೆಕ್ಟಾಗಿ 90 ಡಿಗ್ರಿ ಇರುವ ಹಾಗೆ ಮಷೀನನ್ನು ನಿಲ್ಲಿಸಿಕೊಳ್ಳಿ. ಆಮೇಲೆ ಒಂದು ಕಾಗದದ ಚೂರು ತಗೊಂಡು ಪ್ರತಿ ಮೊನೆಯ ಮುಂದೆ ತೂರಿಸಿ ನೋಡಿ. ಕಾಗದ ಸಿಕ್ಕಿಹಾಕಿಕೊಂಡರೆ ಆ ಮೊನೆ ತಾಗುತ್ತಿದೆ. ಸಲೀಸಾಗಿ ಆಚೆ ಈಚೆ ಹೋದರೆ ಅದು ಗಾಳಿಯಲ್ಲಿದೆ.

ಬಹಳಷ್ಟು ಮಷೀನುಗಳಲ್ಲಿ ಇಲ್ಲಿ ಒಳಗಿನ ಸ್ಪೈಕ್ ತಾಗಿ ಹೊರಗಿನದು ಒಂದೆರಡು ಎಂ.ಎಂ. ಹಿಂದೆ ಉಳಿದಿರುತ್ತದೆ. ಅಷ್ಟೇ ಅಲ್ವಾ ಅಂತ ಅನ್ನಿಸಬಹುದು. ಆದರೆ ಎರಡು ಸ್ಪೈಕಿನ ನಡುವೆ ಇರುವುದೇ ಕೆಲವು ಇಂಚು, ಬಾರ್ ಇರುವುದು 18 ಇಂಚು. ಬುಡದಲ್ಲಿ ಎರಡು ಎಂ.ಎಂ. ತಿರುಗಿದರೆ ತುದಿಯಲ್ಲಿ ಅದು ಹಲವು ಪಟ್ಟು ಆಗುತ್ತದೆ. ಪ್ಲೈವುಡ್‌ಗೆ ಹೋಗುವ ಸಿಲ್ವರ್ ಓಕ್ ದಿಮ್ಮಿಯನ್ನು ಲೇತ್‌ನಂಥ ಮಷೀನಿಗೆ ಹಾಕಿ ಸುತ್ತಿಸಿ ಹಾಳೆ ತೆಗೆಯುತ್ತಾರೆ. ಅದರ ಎರಡೂ ತುದಿ ನೇರ ಇರಬೇಕು. ಓರೆ ಕೊಯ್ದರೆ ಅಳತೆಯಲ್ಲಿ ಕಳೆಯುತ್ತಾರೆ, ನಷ್ಟ ಬೆಳೆಗಾರನಿಗೆ.

ಸ್ಪೈಕುಗಳನ್ನು ಬಿಚ್ಚುವ ಮೊದಲು ಇದ್ದ ಆಕಾರವನ್ನು ದಪ್ಪ ರಟ್ಟಿನ ಮೇಲೆ ಪೆನ್ಸಿಲ್‌ನಿಂದ ಎಳೆದಿಟ್ಟುಕೊಳ್ಳಿ. ಬೋಲ್ಟ್‌ಗಳನ್ನು ಯಾವುದು ಎಲ್ಲಿಯದು ಅಂತ ಗುರುತು ಹಾಕಿ ಬೇರೆ ಬೇರೆ ಇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಹೆಚ್ಚಿನ ಬೋಲ್ಟ್‌ಗಳಿಗೆ ನಕ್ಷತ್ರದ ಆಕಾರದ ಟಿ27 ಕೀ ಹೊಂದುತ್ತದೆ. ಅಲೆನ್ ಕೀ ತುರುಕಿ ತಲೆ ಹಾಳುಮಾಡಬೇಡಿ. ಬಿಗಿ ಇದ್ದರೆ ಕಂಪನಿಯವರು ಅಂಟು ಹಾಕಿರುತ್ತಾರೆ, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಟ್ಟರೆ ಬಿಡಬಹುದು. ಪೆಟ್ರೋಲ್ ಟ್ಯಾಂಕ್ ಇರುವ ಮಷೀನಿಗೆ ಬೆಂಕಿ ತೋರಿಸುವ ಯೋಚನೆ ಬೇಡ.

ಹಲ್ಲು ತಿದ್ದುವುದು

ಎರಡು ಸ್ಪೈಕಿನ ಬುಡದ ಆಕಾರ ಬೇರೆ ಬೇರೆ ಇರಬಹುದು, ಪರವಾಗಿಲ್ಲ. ಹಲ್ಲಿನ ತುದಿಗಳು ನಿಲ್ಲುವ ಗೆರೆ ಒಂದೇ ಆಗಬೇಕು. ಹಿಂದೆ ಉಳಿದ ಸ್ಪೈಕನ್ನು ಮುಂದೆ ತರಲು ಆಗುವುದಿಲ್ಲ, ಹಾಗಾಗಿ ಮುಂದೆ ಚಾಚಿರುವುದನ್ನೇ ಗಿಡ್ಡ ಮಾಡಬೇಕು. ಮಾರ್ಕರ್‌ನಿಂದ ಮೊನೆಗೆ ಬಣ್ಣ ಬಳಿದು, ಎಷ್ಟು ತೆಗೆಯಬೇಕೋ ಅಲ್ಲಿಗೆ ಸೂಜಿಯಿಂದ ಗೀರು ಹಾಕಿ.

ಕೆಲಸಕ್ಕೆ ಚಪ್ಪಟೆ ಅರ ಮತ್ತು ತ್ರಿಕೋನ ಅರ ಸಾಕು. ಗ್ರೈಂಡರ್ ಬೇಗ ಆಗುತ್ತದೆ ನಿಜ. ಆದರೆ ಅದರ ಬಿಸಿಗೆ ಉಕ್ಕಿನ ಹದ ಕೆಡುತ್ತದೆ, ಮೊನೆ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು ಅಂತ. ಆಮೇಲೆ ಎರಡು ದಿಮ್ಮಿ ಕೊಯ್ಯುವುದರೊಳಗೆ ಮೊನೆ ಮಡಚಿಕೊಳ್ಳುತ್ತದೆ. ಗ್ರೈಂಡರ್ ಬಳಸುವುದೇ ಆದರೆ ಪಕ್ಕದಲ್ಲಿ ಒಂದು ಡಬ್ಬ ನೀರು ಇಟ್ಟುಕೊಂಡು, ಎರಡು ಮೂರು ಸೆಕೆಂಡ್ ಮುಟ್ಟಿಸಿ ನೀರಿಗೆ ಅದ್ದಿ, ಮತ್ತೆ ಮುಟ್ಟಿಸಿ. ಬರಿ ಬೆರಳಲ್ಲಿ ಹಿಡಿಯಲಾರದಷ್ಟು ಬಿಸಿ ಆಗಲೇಬಾರದು. ಕೊನೆಯ ಒಂದು ಎಂ.ಎಂ. ಅರದಲ್ಲೇ ಮಾಡಿ.

ಇನ್ನೊಂದು ಮುಖ್ಯ ಮಾತು. ಸ್ಪೈಕನ್ನು ಮಷೀನಿನಿಂದ ಬಿಚ್ಚಿಯೇ ಉಜ್ಜಬೇಕು. ಒಳ್ಳೆಯ ಮಷೀನುಗಳ ಬಾಡಿ ಮತ್ತು ಕ್ಲಚ್ ಕವರ್ ಮೆಗ್ನೀಸಿಯಂ ಮಿಶ್ರಲೋಹದ್ದು. ಮೆಗ್ನೀಸಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಆ ಬೆಂಕಿಗೆ ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಬಾಡಿಯ ಮೇಲೆ ಗ್ರೈಂಡರ್ ಆಡಿಸುವುದು, ಸ್ಪೈಕಿಗಾಗಿ ಬಾಡಿಗೆ ಹೊಸ ತೂತು ಕೊರೆಯುವುದು, ವೆಲ್ಡಿಂಗ್ ಶಾಪ್‌ಗೆ ಹೋಗಿ ಬಾಡಿಗೆ ಏನಾದರೂ ಬೆಸೆಯಿಸುವುದು, ಇವು ಮೂರೂ ಬೇಡ.

ಮೊನೆಯ ಆಕಾರಕ್ಕೆ ಬರೋಣ. ಸೂಜಿಯ ಹಾಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಸೂಜಿ ಮೊನೆ ಸಿಲ್ವರ್ ಓಕ್‌ಗೆ ಚೆನ್ನಾಗಿಯೇ ಇಳಿಯುತ್ತದೆ, ಆದರೆ ಒಣಗಿದ ಅಕೇಶಿಯಾಗೆ ತಾಗಿದ ಕೂಡಲೇ ಬಾಗುತ್ತದೆ. ಉಳಿಯ ಹಾಗೆ, ಬುಡದಲ್ಲಿ ಅಗಲ ಇದ್ದು ತುದಿಗೆ ಬರುತ್ತಾ ಕಿರಿದಾಗಿ, ಕೊನೆಯಲ್ಲಿ ಒಂದು ಸಣ್ಣ ಅಂಚು ಉಳಿಯಬೇಕು. ಹೊರ ಮುಖದ ಕಡೆಯಿಂದ ಮಾತ್ರ ಇಳಿಜಾರು ಕೊಡಿ, ಬಾರಿನ ಕಡೆಯ ಮುಖ ಸಪಾಟಾಗಿಯೇ ಇರಲಿ. ಅರವನ್ನು ಬುಡದಿಂದ ಮೊನೆಯ ಕಡೆ ಒಂದೇ ದಿಕ್ಕಿಗೆ ತಳ್ಳಿ, ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಿ. ಕೆಲವು ಸಲ ಎಳೆದ ಮೇಲೆ ಬೆಳಕಿಗೆ ಹಿಡಿದು ನೋಡಿ: ಮೊಂಡಾದ ಮೊನೆಯಲ್ಲಿ ಬಿಳಿ ಚುಕ್ಕೆಯಂತೆ ಬೆಳಕು ಹೊಳೆಯುತ್ತದೆ, ಹರಿತ ಬಂದ ಮೊನೆಯಲ್ಲಿ ಆ ಚುಕ್ಕೆ ಮಾಯ ಆಗಿರುತ್ತದೆ. ಚುಕ್ಕೆ ಹೋದ ಕೂಡಲೇ ನಿಲ್ಲಿಸಿ.

ಹಲ್ಲು ಹಲ್ಲಿನ ನಡುವಿನ ಸಂದನ್ನೂ ನೋಡಿ. ಕಂಪನಿಯಿಂದ ಬರುವ ಕೆಲವು ಸ್ಪೈಕುಗಳಲ್ಲಿ ಈ ಸಂದು ಕಿರಿದು, ಚೌಕ. ಹಸಿ ತೊಗಟೆಯ ನಾರು ಅಲ್ಲಿ ತುಂಬಿ ಗಟ್ಟಿಯಾಗಿ ಹಲ್ಲೇ ಇಲ್ಲದ ಹಾಗೆ ಆಗುತ್ತದೆ. ದುಂಡು ಅರದಿಂದ ಸಂದನ್ನು ಬಟ್ಟಲಿನ ಆಕಾರಕ್ಕೆ ತಂದರೆ ನಾರು ತಾನೇ ಉದುರುತ್ತದೆ. ಚೂಪು ಮೂಲೆ ಬಿಡಬೇಡಿ, ಬಿರುಕು ಹುಟ್ಟುವುದೇ ಅಲ್ಲಿಂದ.

ರೆಂಬೆ ಸವರುವ ಕೆಲಸ ಜಾಸ್ತಿ ಇರುವವರು ತೀರಾ ಮೇಲಿನ ಮತ್ತು ತೀರಾ ಕೆಳಗಿನ ಹಲ್ಲನ್ನು ಗಿಡ್ಡ ಮಾಡಿ ದುಂಡಗೆ ಮಾಡಿಕೊಳ್ಳಿ. ಮೆಣಸಿನ ಬಳ್ಳಿ, ಪೊದೆ, ರೆಂಬೆ ಸಿಕ್ಕಿಹಾಕಿಕೊಳ್ಳುವುದು ಆ ಎರಡು ಹಲ್ಲಿಗೇ. ರೆಂಬೆಯೊಂದು ಸ್ಪೈಕಿಗೆ ಸಿಕ್ಕಿ ಮಷೀನ್ ಜಗ್ಗಿದರೆ ಬಾರಿನ ತುದಿ ಎಲ್ಲಿಗೋ ಹೋಗಿ ತಾಗುತ್ತದೆ. ಮರ ಬೀಳಿಸಲು, ದಿಮ್ಮಿ ಮಾಡಲು ನಿಜವಾಗಿ ಕೆಲಸ ಮಾಡುವುದು ಬಾರಿನ ಗೆರೆಗೆ ಹತ್ತಿರ ಇರುವ ನಡುವಿನ ಹಲ್ಲುಗಳು.

ಹೊರ ಸ್ಪೈಕ್ ಹೊಸದಾಗಿ ಹಾಕುವವರಿಗೆ

ಒಳಗಿನದ್ದು ಮಾತ್ರ ಇರುವ ಮಷೀನ್ ಒತ್ತಿದಾಗ ಒಂದು ಪಕ್ಕಕ್ಕೆ ತಿರುಗಲು ನೋಡುತ್ತದೆ, ಯಾಕೆಂದರೆ ಎಳೆತ ಬಾರಿನಲ್ಲಿ, ಆಸರೆ ಅದರ ಎಡಕ್ಕೆ. ಹೊರಗಿನದು ಸೇರಿಸಿದರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಸ್ಪೈಕಿಗೆ ಮಾಡುವ ಬದಲಾವಣೆಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ. ಆದರೆ ಕ್ಲಚ್ ಕವರಿನಲ್ಲಿ ಅದಕ್ಕೆಂದೇ ತೂತು ಇದ್ದರೆ ಮಾತ್ರ ಹಾಕಿ. ಪ್ಲಾಸ್ಟಿಕ್ ಕವರಿಗೆ ತೂತು ಕೊರೆದು ಹಾಕಿದರೆ ಭಾರ ಬಿದ್ದಾಗ ಕವರ್ ಒಡೆಯುತ್ತದೆ. ಚೈನ್ ತುಂಡಾದರೆ ನಿಮ್ಮ ಕೈಗೂ ಅದಕ್ಕೂ ನಡುವೆ ಇರುವ ಗೋಡೆ ಆ ಕವರ್.

ಆನ್‌ಲೈನ್‌ನಲ್ಲಿ ಸಿಗುವ, 58 ಸಿಸಿ ಮಷೀನಿಗೆ ಆಗುತ್ತದೆ ಅಂತ ಮಾರುವ ಸ್ಪೈಕ್ ತರಿಸಿದ್ದರೆ, ಹಾಕುವ ಮೊದಲು ಮೂರು ಜಾಗ ನೋಡಬೇಕು. ಬಾರ್ ನಟ್‌ಗೆ ಸ್ಪ್ಯಾನರ್ ಹೋಗುತ್ತದಾ? ಚೈನ್ ಬಿಗಿ ಮಾಡುವ ಸ್ಕ್ರೂಗೆ ಸ್ಕ್ರೂ ಡ್ರೈವರ್ ತಲುಪುತ್ತದಾ? ಕೆಲವು ಮಷೀನುಗಳಲ್ಲಿ ಆ ಸ್ಕ್ರೂ ಮುಂದೆ, ಸ್ಪೈಕ್ ಪಕ್ಕದಲ್ಲೇ ಇರುತ್ತದೆ. ಅದು ಮುಚ್ಚಿಹೋದರೆ ಕಾಡಿನ ಮಧ್ಯದಲ್ಲಿ ಚೈನ್ ಸಡಿಲ ಆದಾಗ ಎಲ್ಲ ಬಿಚ್ಚಬೇಕು. ಮೂರನೆಯದು, ಚೈನ್ ಕ್ಯಾಚರ್. ಬಾರಿನ ಬುಡದ ಕೆಳಗೆ ಇರುವ ಆ ಸಣ್ಣ ಗೂಟ ಹರಿದ ಚೈನನ್ನು ಹಿಡಿಯುವುದಕ್ಕೆ ಇದೆ. ಅದನ್ನು ತೆಗೆದು ಸ್ಪೈಕ್ ಹಾಕುವುದಾದರೆ ಆ ಸ್ಪೈಕ್ ನಿಮ್ಮ ಮಷೀನಿಗೆ ಬೇಡ.

ಮರದ ಪುಡಿ ಹೊರಬೀಳುವ ದಾರಿಯೂ ಕ್ಲಚ್ ಕವರಿನ ಕೆಳಗೇ ಇದೆ. ಅಗಲ ಸ್ಪೈಕ್ ಆ ದಾರಿಯನ್ನು ಅರ್ಧ ಮುಚ್ಚುತ್ತದೆ, ಮಳೆಗಾಲದ ಹಸಿ ನಾರಂತೂ ಅಲ್ಲಿ ಉಂಡೆ ಕಟ್ಟಿ ನಿಂತುಬಿಡುತ್ತದೆ. ಸ್ಪೈಕಿನ ಒಳ ಅಂಚನ್ನು ಅಲ್ಲಿ ಸ್ವಲ್ಪ ಕೆತ್ತಿ ಜಾಗ ಮಾಡಿಕೊಡಿ.

ಮತ್ತೆ ಕೂರಿಸುವಾಗ

ಬೋಲ್ಟ್‌ಗೆ ಗುರುತು ಹಾಕಿ ಅಂದಿದ್ದೆನಲ್ಲ. ಸ್ಪೈಕ್ ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ಬಾಡಿಯ ತೂತು ಕೆಲವು ಕಡೆ ಆಚೆ ತನಕ ಹೋಗಿರುವುದಿಲ್ಲ. ಅಲ್ಲಿಗೆ ಉದ್ದದ ಬೋಲ್ಟ್ ಹಾಕಿ ತಿರುಗಿಸಿದರೆ ಅದು ತಳಕ್ಕೆ ತಾಗಿ, ಬಿಗಿ ಆಯಿತು ಅನ್ನಿಸುತ್ತದೆ, ಸ್ಪೈಕ್ ಮಾತ್ರ ಅಲುಗಾಡುತ್ತಲೇ ಇರುತ್ತದೆ. ಇನ್ನೂ ತಿರುಗಿಸಿದರೆ ಬಾಡಿ ಸೀಳುತ್ತದೆ. ಆಚೆ ತನಕ ಇರುವ ತೂತಿನಲ್ಲಾದರೆ ಬೋಲ್ಟಿನ ತುದಿ ಹೊರಗೆ ಬಂದು ಚೈನಿಗೆ ತಾಗುತ್ತದೆ. ದಪ್ಪ ಸ್ಪೈಕ್ ಹಾಕಿದಾಗ ಉದ್ದ ಬೋಲ್ಟ್, ತೆಳು ಸ್ಪೈಕ್ ಹಾಕಿದಾಗ ಗಿಡ್ಡ ಬೋಲ್ಟ್. ಸ್ಪೈಕ್ ಇಲ್ಲದೆ ಬೋಲ್ಟ್ ಎಷ್ಟು ಒಳಗೆ ಹೋಗುತ್ತದೆ ಅಂತ ಕೈಯಲ್ಲೇ ತಿರುಗಿಸಿ ನೋಡಿ, ಸ್ಪೈಕಿನ ದಪ್ಪ ಅದಕ್ಕೆ ಸೇರಿಸಿ ಲೆಕ್ಕ ಹಾಕಿದರೆ ಸರಿಯಾದ ಉದ್ದ ಗೊತ್ತಾಗುತ್ತದೆ.

ತೂತಿನ ಆಯಿಲ್ ಒರೆಸಿ, ಬೋಲ್ಟಿನ ಗೀರಿಗೆ ಬೋಲ್ಟ್ ಸಡಿಲ ಆಗದಂತೆ ಹಿಡಿಯುವ ಅಂಟು, ನೀಲಿ ಬಣ್ಣದ ಲಾಕ್‌ಟೈಟ್, ಒಂದು ಹನಿ ಹಾಕಿ. ಕೆಂಪು ಬೇಡ, ಮುಂದೆ ಬಿಚ್ಚಲು ಕಷ್ಟ. ಎಲ್ಲ ಬೋಲ್ಟ್ ಅರ್ಧ ಬಿಗಿ ಮಾಡಿ, ಮತ್ತೆ ಅದೇ ಹಲಗೆ ಮತ್ತು ಕಾಗದದ ಪರೀಕ್ಷೆ ಮಾಡಿ. ಇನ್ನೂ ಕೂದಲಿನಷ್ಟು ವ್ಯತ್ಯಾಸ ಇದ್ದರೆ ಬೋಲ್ಟ್ ತೂತಿನಲ್ಲಿರುವ ಸಡಿಲದಲ್ಲೇ ಸ್ಪೈಕನ್ನು ಸರಿಸಿ ಹೊಂದಿಸಬಹುದು. ಆಮೇಲೆ ಪೂರ್ತಿ ಬಿಗಿ ಮಾಡಿ. ಚೈನ್ ಹಾಕಿ, ಪ್ಲಗ್ ಕ್ಯಾಪ್ ಹಾಕುವ ಮೊದಲೇ, ಗ್ಲೌಸ್ ಹಾಕಿದ ಕೈಯಿಂದ ಚೈನನ್ನು ಪೂರ್ತಿ ಒಂದು ಸುತ್ತು ಎಳೆಯಿರಿ. ಎಲ್ಲೂ ಉಜ್ಜುವ ಸದ್ದು ಬರಬಾರದು.

ಮೊದಲ ಕೊಯ್ತ ಸದಾ ನೆಲದ ಮೇಲಿನ ದಿಮ್ಮಿಯಲ್ಲಿ. ನಿಂತ ಮರದಲ್ಲಿ ಪರೀಕ್ಷೆ ಬೇಡ. ಸ್ಪೈಕ್ ನಾಟಿಸಿ ಅರ್ಧ ಕೊಯ್ದು, ಮಷೀನ್ ಆಫ್ ಮಾಡಿ, ತೊಗಟೆಯ ಮೇಲಿನ ಕಚ್ಚಿದ ಗುರುತು ನೋಡಿ. ಕೊಯ್ತದ ಎರಡೂ ಪಕ್ಕದಲ್ಲಿ ಒಂದೇ ಆಳದ ಗುರುತು ಬಿದ್ದಿದ್ದರೆ ಕೆಲಸ ಸರಿ ಆಗಿದೆ. ಎಡಗಡೆ ಎರಡು ಆಳದ ಕುಳಿ, ಬಲಗಡೆ ಬರೀ ಕೆರೆದ ಗೀರು ಇದ್ದರೆ ಒಳ ಸ್ಪೈಕ್ ಇನ್ನೂ ಮುಂದಿದೆ. ಈ ಗುರುತು ಸುಳ್ಳು ಹೇಳುವುದಿಲ್ಲ, ಟ್ರೈ ಸ್ಕ್ವೇರ್‌ಗಿಂತ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ.

ಮರದ ಬುಡದಲ್ಲಿ

ಮರ ಬೀಳಿಸುವುದು ಬೇರೆಯೇ ವಿದ್ಯೆ, ಅದನ್ನು ಬಲ್ಲವರ ಜೊತೆ ನಿಂತು ಕಲಿಯಬೇಕು. ಸ್ಪೈಕಿಗೆ ಸಂಬಂಧಪಟ್ಟಷ್ಟು ಮಾತ್ರ ಇಲ್ಲಿ ಹೇಳುತ್ತೇನೆ. ಸಿಲ್ವರ್ ಓಕ್ ಬಿಟ್ಟು ಬೇರೆ ಮರ ಆದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ವಿಷಯ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಬೀಳಬೇಕಾದ ಕಡೆಗೆ ಕಚ್ಚು ಹೊಡೆದ ಮೇಲೆ, ಹಿಂದಿನಿಂದ ಕೊಯ್ಯುತ್ತಾ ಬರುತ್ತೀರಿ. ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಮರದ ದಪ್ಪದ ಹತ್ತನೇ ಒಂದು ಭಾಗದಷ್ಟು ಪಟ್ಟಿ ಉಳಿಯಬೇಕು. ಈ ಪಟ್ಟಿಗೇ ಹಿಂಜ್ ಅನ್ನುವುದು, ಮರ ಬೀಳುವಾಗ ಅದನ್ನು ದಿಕ್ಕಿನಲ್ಲಿ ಹಿಡಿದಿಡುವುದು ಇದೇ. ಸ್ಪೈಕನ್ನು ಈ ಪಟ್ಟಿ ಶುರುವಾಗುವ ಜಾಗಕ್ಕಿಂತ ಸ್ವಲ್ಪ ಹಿಂದೆ ನಾಟಿಸಿ, ಅದನ್ನೇ ಕೇಂದ್ರ ಮಾಡಿಕೊಂಡು ಮಷೀನ್ ತಿರುಗಿಸಿದರೆ ಬಾರ್ ಹಿಂಜಿಗೆ ಸಮಾನಾಂತರವಾಗಿ ಬಂದು ನಿಲ್ಲುತ್ತದೆ. ಎರಡು ಸ್ಪೈಕ್ ಸಮ ಇರುವುದರ ಬೆಲೆ ಗೊತ್ತಾಗುವುದು ಇಲ್ಲಿ. ಸಮ ಇಲ್ಲದಿದ್ದರೆ ಒತ್ತಿದ ಹಾಗೆಲ್ಲ ಬಾರ್ ಮೇಲಕ್ಕೋ ಕೆಳಕ್ಕೋ ಓರೆಯಾಗಿ, ಕಚ್ಚಿನ ಮಟ್ಟಕ್ಕೆ ಕೊಯ್ತ ಹೊಂದುವುದೇ ಇಲ್ಲ.

ಹಿಂಜ್ ಹತ್ತಿರ ಬಂದಾಗ ಹಿಡಿ ಎತ್ತಿ ಒತ್ತುವುದನ್ನು ನಿಲ್ಲಿಸಿ. ಸ್ಪೈಕಿನ ಸನ್ನೆ ಬಲದಲ್ಲಿ ಕೊನೆಯ ಒಂದಿಂಚು ಕ್ಷಣದಲ್ಲಿ ಹೋಗಿಬಿಡುತ್ತದೆ, ಹಿಂಜ್ ಪೂರ್ತಿ ಕತ್ತರಿಸಿದರೆ ಮರ ಯಾವ ಕಡೆ ಬೇಕಾದರೂ ಬೀಳಬಹುದು. ಬಾರ್ ಸಿಕ್ಕಿಹಾಕಿಕೊಳ್ಳುವ ಮೊದಲೇ ಪ್ಲಾಸ್ಟಿಕ್ ಅಥವಾ ಮರದ ಬೆಣೆ ಹೊಡೆಯಿರಿ. ಮರ ಅಲುಗಿತು ಅಂದ ಕೂಡಲೇ ಓರೆಯಾಗಿ ಹಿಂದಕ್ಕೆ, ಮೊದಲೇ ಸವರಿ ಇಟ್ಟ ದಾರಿಯಲ್ಲಿ ಸರಿಯಬೇಕು. ಹೊಸದಾಗಿ ಹರಿತ ಮಾಡಿದ ಸ್ಪೈಕ್ ಕೆಲವೊಮ್ಮೆ ತೊಗಟೆಯಿಂದ ಬೇಗ ಬಿಡುವುದಿಲ್ಲ. ಹಾಗಾದರೆ ಮಷೀನ್ ಅಲ್ಲೇ ಬಿಟ್ಟು ಹೋಗಿ. ಅದನ್ನು ಕೀಳಲು ನಿಲ್ಲಬೇಡಿ.

ದಿಮ್ಮಿ ತುಂಡು ಮಾಡುವಾಗ ಸುಲಭ. ಮೊದಲು ಸ್ಪೈಕನ್ನು ದಿಮ್ಮಿಯ ಮೇಲ್ಭಾಗದಲ್ಲಿ ನಾಟಿಸಿ ಬಾರಿನ ತುದಿ ಇಳಿಸಿ, ಆಮೇಲೆ ಸ್ಪೈಕ್ ಬಿಡಿಸಿ ಒಂದು ಹಲ್ಲಿನಷ್ಟು ಕೆಳಗೆ ನಾಟಿಸಿ ಮತ್ತೆ ಇಳಿಸಿ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋದರೆ ದೊಡ್ಡ ದಿಮ್ಮಿಯೂ ಸುಸ್ತಿಲ್ಲದೆ ತುಂಡಾಗುತ್ತದೆ. ಇಂಜಿನ್ ಸದ್ದು ಕುಗ್ಗಿದರೆ ಒತ್ತಡ ಜಾಸ್ತಿ ಆಗಿದೆ, ಹಿಡಿ ಸ್ವಲ್ಪ ಇಳಿಸಿ.

ಆಮೇಲಿನ ಜೋಪಾನ

ಹರಿತ ಮಾಡಿದ ಸ್ಪೈಕ್ ತೊಡೆಗೆ, ಮೊಣಕಾಲಿಗೆ ತಾಗಿದರೆ ಪ್ಯಾಂಟ್ ಹರಿದು ಗಾಯ ಮಾಡುತ್ತದೆ. ಮಷೀನ್ ಹೊತ್ತು ನಡೆಯುವಾಗ ಬಾರಿಗೆ ಕವರ್ ಹಾಕುವ ಹಾಗೆ ಸ್ಪೈಕಿಗೂ ಒಂದು ಕವರ್ ಇರಲಿ. ಹಳೇ ಲಾರಿ ಟ್ಯೂಬ್ ಒಂದು ತುಂಡು ಕತ್ತರಿಸಿ ಸಿಕ್ಕಿಸಿದರೂ ಆಗುತ್ತದೆ. ಜೀಪಿನ ಹಿಂದೆ ಪೆಟ್ರೋಲ್ ಕ್ಯಾನ್ ಪಕ್ಕದಲ್ಲಿ ಬರಿ ಸ್ಪೈಕ್ ಇರುವ ಮಷೀನ್ ಇಡಬೇಡಿ.

ಹಲಸು ಕೊಯ್ದ ದಿನ ಸ್ಪೈಕಿನ ಸಂದಿನಲ್ಲಿ ಮೇಣ ಕೂರುತ್ತದೆ. ಒಣಗಿದ ಮೇಲೆ ಅರದಿಂದ ಕೆರೆದರೂ ಬರುವುದಿಲ್ಲ, ಅದೇ ಸಂಜೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಅರ ಹಾಕಿದ ಜಾಗ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ, ಬಾರ್ ಆಯಿಲ್ ಒಂದು ಪದರ ಬಳಿದಿಡಿ. ಹೊಸದಾಗಿ ಕೂರಿಸಿದ ಬೋಲ್ಟ್‌ಗಳನ್ನು ಮೊದಲ ಟ್ಯಾಂಕ್ ಪೆಟ್ರೋಲ್ ಮುಗಿದ ಕೂಡಲೇ ಒಮ್ಮೆ ಕೀ ಹಾಕಿ ನೋಡಿ. ಸಡಿಲ ಆಗುವುದಿದ್ದರೆ ಅಷ್ಟರಲ್ಲೇ ಆಗಿರುತ್ತದೆ.